ನೀರಿನ ಬಾಗಿಲು ಕಾಯುವವರು

ಹಡಗು ಬಂದಾಗ ಸೇತುವೆಯನ್ನು ಮೇಲೆತ್ತಿ ದಾರಿ ಬಿಡುವವನ ಕೆಲಸ ನಮ್ಮಲ್ಲಿ ಹೆಚ್ಚಿನವರಿಗೆ ಚಿತ್ರಗಳಲ್ಲಿ ಕಂಡದ್ದು ಮಾತ್ರ. ಕಾಲುವೆಯ ನಡುವೆ ಬಾಗಿಲುಗಳನ್ನು ಮುಚ್ಚಿ, ನೀರು ತುಂಬಿಸಿ, ದೋಣಿಯನ್ನು ಮೆಟ್ಟಿಲು ಹತ್ತಿಸಿದಂತೆ ಮೇಲಕ್ಕೆ ಕಳಿಸುವವನ ಕೆಲಸವೂ ಹಾಗೆಯೇ. ಹೊಸದುರ್ಗದಂಥ ಬಯಲುಸೀಮೆಯ ತಾಲ್ಲೂಕಿನಲ್ಲಿ ನಿಂತು ಈ ಮಾತೆತ್ತಿದರೆ ಕೇಳಿದವರು ನಕ್ಕಾರು. ವರ್ಷದ ಬಹುಪಾಲು ಮರಳು ಹಾಸಿಕೊಂಡು ಮಲಗಿರುವ ವೇದಾವತಿಯಲ್ಲಿ ಹಡಗೆಲ್ಲಿಂದ ಬರಬೇಕು?

ಹಡಗಿಲ್ಲ, ನಿಜ. ಆದರೆ ನೀರಿಗೆ ಬಾಗಿಲು ಹಾಕಿ, ಆ ಬಾಗಿಲನ್ನು ಕಾಯಲು ಒಬ್ಬ ಮನುಷ್ಯನನ್ನು ನೇಮಿಸುವ ಪದ್ಧತಿ ಈ ಸೀಮೆಗೆ ಬಹಳ ಹಳೆಯದು. ಅವನಿಗೆ ನಮ್ಮವರು ಇಟ್ಟ ಹೆಸರು ನೀರಗಂಟಿ. ಕೆರೆಯ ತೂಬು ಅವನ ವಶ. ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವನು ಅವನೇ. ಬಾಗಿಲನ್ನು ಎತ್ತುವುದು ಈ ಕೆಲಸದ ಅತಿ ಸಣ್ಣ ಭಾಗ. ಅದನ್ನು ಹಗ್ಗ ಎತ್ತೀತು, ಚಕ್ರ ಎತ್ತೀತು, ವಿದ್ಯುತ್ ಮೋಟಾರೂ ಎತ್ತೀತು. ಎತ್ತುವವನ ಮೇಲೆ ಊರಿಗೆ ನಂಬಿಕೆ ಇರಬೇಕಾದ್ದು ದೊಡ್ಡ ಭಾಗ. ಮರದ ಬಿರಡೆಯಿಂದ ಉಕ್ಕಿನ ಗೇಟಿನವರೆಗೆ ಬಂದ ದಾರಿಯಲ್ಲಿ ಆ ನಂಬಿಕೆಗೆ ಏನಾಯಿತು ಎಂಬುದು ಕೇಳಬೇಕಾದ ಪ್ರಶ್ನೆ.

ದೋಣಿಗೆ ಮೆಟ್ಟಿಲು

ಮೊದಲು ಹೊರಗಿನ ಲೋಕದ ಮಾತು. ಎತ್ತರದ ನೆಲದಿಂದ ತಗ್ಗಿಗೆ ಹರಿಯುವ ಕಾಲುವೆಯಲ್ಲಿ ದೋಣಿ ಇಳಿದೀತು, ಹತ್ತುವುದು ಕಷ್ಟ. ಅದಕ್ಕೆ ಕಂಡುಕೊಂಡ ಉಪಾಯವೇ ಲಾಕ್. ಕಾಲುವೆಯ ಒಂದು ತುಂಡಿಗೆ ಎರಡೂ ಕಡೆ ಬಾಗಿಲಿಟ್ಟು ಒಂದು ತೊಟ್ಟಿಯಂತೆ ಮಾಡುತ್ತಾರೆ. ಕೆಳಗಿನಿಂದ ಬಂದ ದೋಣಿ ತೊಟ್ಟಿಯೊಳಗೆ ಸೇರಿದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ಕಾಲುವೆಯ ನೀರನ್ನು ಸಣ್ಣ ಕಿಂಡಿಯಿಂದ ಒಳಕ್ಕೆ ಬಿಡುತ್ತಾರೆ. ನೀರಿನ ಜೊತೆಗೆ ದೋಣಿಯೂ ಏರುತ್ತದೆ. ಎರಡೂ ಕಡೆಯ ನೀರು ಸಮಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆರೆದು ದೋಣಿಯನ್ನು ಬಿಟ್ಟುಕೊಡುತ್ತಾರೆ. ಹೀಗೆ ಎರಡು ಬಾಗಿಲಿನ ಲಾಕನ್ನು ಚೀನಾದಲ್ಲಿ ಕ್ರಿ.ಶ. 984ರಲ್ಲಿ ಚಿಯಾವ್ ವೈಯುವೆ ಎಂಬ ಅಧಿಕಾರಿ ಮಾಡಿಸಿದ. ಯೂರೋಪಿನಲ್ಲಿ, ನೀರಿನ ಒತ್ತಡಕ್ಕೆ ತಾನೇ ಬಿಗಿಯಾಗಿ ಕೂರುವ, ಎರಡು ಕೈ ಜೋಡಿಸಿದಂತಿರುವ ಕದಗಳ ರೂಪುರೇಷೆಯನ್ನು ಲಿಯೊನಾರ್ಡೊ ಡ ವಿಂಚಿಯ ಹೆಸರಿನೊಂದಿಗೆ ಹೇಳುವುದು ರೂಢಿ. 1914ರಲ್ಲಿ ತೆರೆದ ಪನಾಮಾ ಕಾಲುವೆಯಲ್ಲಿ ಇದೇ ತತ್ತ್ವದ ಮೇಲೆ ಸಮುದ್ರದ ಹಡಗುಗಳನ್ನು ಸುಮಾರು 26 ಮೀಟರ್ ಮೇಲಕ್ಕೆತ್ತಿ ಮತ್ತೆ ಇಳಿಸುತ್ತಾರೆ.

ಈ ಕದಗಳಲ್ಲಿ ಒಂದು ವಿಶೇಷವಿದೆ. ಎರಡೂ ಕಡೆಯ ನೀರು ಸಮವಾಗುವ ತನಕ ಎಷ್ಟು ಬಲ ಹಾಕಿದರೂ ಅವು ತೆರೆಯುವುದಿಲ್ಲ. ಆದ್ದರಿಂದ ಲಾಕಿನ ಕಾವಲುಗಾರನಿಗೆ ಬೇಕಾದ ಮೊದಲ ಗುಣ ತಾಳ್ಮೆ, ಎರಡನೆಯದು ಸರದಿಯ ಲೆಕ್ಕ. ಸಾಲುಗಟ್ಟಿ ನಿಂತ ದೋಣಿಗಳಲ್ಲಿ ಯಾರದು ಮುಂದೆ, ಯಾರದು ಹಿಂದೆ ಎಂದು ಹೇಳುವವನು ಅವನು. ತೊಟ್ಟಿಯನ್ನು ಒಮ್ಮೆ ತುಂಬಿ ಬರಿದು ಮಾಡಿದರೆ ಅಷ್ಟು ನೀರು ಮೇಲಿನಿಂದ ಕೆಳಕ್ಕೆ ಹೋದಂತೆ. ಬೇಸಿಗೆಯಲ್ಲಿ ಆ ಲೆಕ್ಕವನ್ನೂ ಅವನು ಇಡಬೇಕು.

ಎತ್ತುವ ಸೇತುವೆಗೆ ನಾವು ದೂರ ಹೋಗಬೇಕಿಲ್ಲ. ರಾಮೇಶ್ವರದ ಯಾತ್ರೆಗೆ ಹೋದವರೆಲ್ಲ ದಾಟಿದ ಪಾಂಬನ್ ಸೇತುವೆ 1914ರದು. ಅದರ ನಡುವಿನ ಭಾಗವನ್ನು ಕೆಲಸಗಾರರು ಕೈಯಿಂದಲೇ ಸನ್ನೆ ತಿರುಗಿಸಿ ತೆರೆಯುತ್ತಿದ್ದರು. ಅದರ ಮೇಲೆ ರೈಲು ಓಡುವುದು 2022ರ ಡಿಸೆಂಬರಿನಲ್ಲಿ ನಿಂತಿತು. ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ಅದರ ನಡುಭಾಗ ಯಂತ್ರದ ಬಲದಿಂದ ನೇರವಾಗಿ ಮೇಲೇರುತ್ತದೆ.

ಹೊಸದುರ್ಗಕ್ಕೂ ಲಾಕ್‌ಗಳಿಗೂ ದೂರದ ಒಂದು ನಂಟುಂಟು. ಬಾಬಾಬುಡನ್ ಗಿರಿಯ ಬದಿಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ಹಾದ ಆ ನದಿ ಮುಂದೆ ಹಗರಿ ಎನ್ನಿಸಿಕೊಂಡು ತುಂಗಭದ್ರೆಯನ್ನು ಸೇರುತ್ತದೆ. ಅಲ್ಲಿಂದ ಕೆಳಗೆ, ಕರ್ನೂಲಿನ ಸಮೀಪ ಸುಂಕೇಸುಲದಲ್ಲಿ, 1860ರ ದಶಕದಲ್ಲಿ ಮದ್ರಾಸಿನ ಒಂದು ನೀರಾವರಿ ಕಂಪೆನಿ ಕರ್ನೂಲು-ಕಡಪ ಕಾಲುವೆಯನ್ನು ತೋಡಿಸಿತು. ನೀರಾವರಿಯ ಜೊತೆಗೆ ದೋಣಿ ಸಂಚಾರವೂ ಆಗಬೇಕೆಂಬ ಹಂಬಲದಿಂದ ಅದಕ್ಕೆ ಲಾಕ್‌ಗಳನ್ನು ಕಟ್ಟಿದರು. ಲಾಭ ಕೈಗೆ ಹತ್ತಲಿಲ್ಲ. 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ನಮ್ಮ ಕಡೆಯ ಮಳೆನೀರಿನ ಒಂದಿಷ್ಟು ಪಾಲು ಆ ಕಾಲಕ್ಕೆ ಅಲ್ಲಿಯ ದೋಣಿಗಳನ್ನೂ ಎತ್ತಿರಬೇಕು. ಆದರೆ ನೀರು ಇಲ್ಲಿಂದ ಹೊರಡುವ ಮೊದಲೇ ಅದನ್ನು ತಡೆದು ನಿಲ್ಲಿಸಿ ಹಂಚುವ ವಿದ್ಯೆಯೇ ನಮ್ಮ ಸೀಮೆಯದು.

ತೂಬಿನ ಮೇಲಿನ ಮನುಷ್ಯ

ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಾಡಿನಲ್ಲಿ ಬದುಕು ನಿಂತದ್ದು ಕೆರೆಗಳ ಮೇಲೆ. ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸರ್ಕಾರದ ಲೆಕ್ಕ. ಕೆರೆಯೆಂದರೆ ನಾಲ್ಕು ಅಂಗ. ನೀರನ್ನು ತಡೆಯುವ ಏರಿ, ಹೆಚ್ಚಾದ ನೀರು ಹೊರಬೀಳುವ ಕೋಡಿ, ಬೇಕಾದಾಗ ನೀರು ಬಿಡುವ ತೂಬು, ಆ ನೀರು ಉಣ್ಣುವ ಅಚ್ಚುಕಟ್ಟು. ಏರಿಯನ್ನು ಕಟ್ಟಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ. ಕೋಡಿ ಬಿದ್ದಾಗ ಊರೇ ಹೋಗಿ ಬಾಗಿನ ಅರ್ಪಿಸುತ್ತದೆ. ತೂಬಿನ ಕಡೆ ನೋಡುವವರು ಕಡಿಮೆ. ಆದರೆ ಕೆರೆಗೂ ಅನ್ನಕ್ಕೂ ನಡುವೆ ಇರುವ ಬಾಗಿಲು ಅದೇ.

ಹಳೆಯ ಕಲ್ಲಿನ ತೂಬನ್ನು ನೋಡಿದವರಿಗೆ ಅದರ ರಚನೆ ಗೊತ್ತು. ಏರಿಯಿಂದ ಒಂದಿಷ್ಟು ಒಳಗೆ, ನೀರಿನಲ್ಲಿ, ಎರಡು ಕಲ್ಲುಕಂಬಗಳು ಎದ್ದು ನಿಂತಿರುತ್ತವೆ. ಅವುಗಳ ನಡುವೆ ಅಡ್ಡಲಾಗಿ ತೂತುಳ್ಳ ಕಲ್ಲುಚಪ್ಪಡಿಗಳು. ತೂತಿನ ಮೂಲಕ ಉದ್ದನೆಯ ಮರದ ಗೂಟವೊಂದು ಕೆಳಕ್ಕಿಳಿದಿರುತ್ತದೆ. ಅದರ ತುದಿಯ ಬಿರಡೆ ತಳದ ಕಿಂಡಿಯಲ್ಲಿ ಕುಳಿತಿರುತ್ತದೆ. ಗೂಟವನ್ನು ಮೇಲೆತ್ತಿದರೆ ನೀರು ಕಿಂಡಿಗೆ ನುಗ್ಗಿ, ಏರಿಯ ಅಡಿಯ ಕಲ್ಲುದೋಣಿಯಲ್ಲಿ ಹರಿದು, ಆಚೆಯ ಕಾಲುವೆಗೆ ಬೀಳುತ್ತದೆ.

ಹೇಳುವಷ್ಟು ಸುಲಭದ ಕೆಲಸವಲ್ಲ ಇದು. ಹತ್ತು ಅಡಿ ನೀರಿನ ಕೆಳಗೆ ಒಂದು ಚದರ ಅಡಿಯ ಬಾಯಿಯನ್ನು ಮುಚ್ಚಿದ ಬಿರಡೆಯ ಮೇಲೆ ಸುಮಾರು 280 ಕಿಲೋ ಭಾರ ಕುಳಿತಿರುತ್ತದೆ. ಅದಕ್ಕೇ ಕಿಂಡಿಗಳು ಚಿಕ್ಕವು. ಕೆರೆ ತುಂಬಿದಷ್ಟೂ ಬಿರಡೆ ಬಿಗಿ. ತೆರೆದ ಮೇಲೆ ನೀರಿನ ವೇಗವೂ ಅಷ್ಟೇ ಹೆಚ್ಚು. ಕೆರೆ ಇಳಿದಂತೆ ಅದೇ ಕಿಂಡಿಯಿಂದ ಬರುವ ನೀರು ಕಡಿಮೆಯಾಗುತ್ತದೆ. ಆದ್ದರಿಂದ ಭಾದ್ರಪದದಲ್ಲಿ ನಾಲ್ಕು ಬೆರಳು ಎತ್ತಿದರೆ ಸಾಕಾದದ್ದಕ್ಕೆ ಮಾಘದಲ್ಲಿ ಗೇಣೆತ್ತಬೇಕಾದೀತು. ಗೂಟ ಕಟ್ಟಿಕೊಂಡರೆ, ಹೂಳೋ ಕಸವೋ ಕಿಂಡಿಗೆ ಸಿಕ್ಕಿಕೊಂಡರೆ, ಮುಳುಗಿ ಬಿಡಿಸಬೇಕು. ನುಗ್ಗುವ ನೀರಿನ ಬಾಯಿಯ ಬಳಿ ಮುಳುಗುವುದು ಪ್ರಾಣದ ಜೊತೆ ಆಟ. ಪುಸ್ತಕ ಓದದೆ ಜಲಶಾಸ್ತ್ರ ಕಲಿತ ಮನುಷ್ಯ ಈ ನೀರಗಂಟಿ.

ಅವನ ದಿನಚರಿ ತೂಬಿಗೇ ಮುಗಿಯುತ್ತಿರಲಿಲ್ಲ. ಏರಿಯ ಮೇಲೆ ನಡೆದು ಇಲಿಬಿಲ, ಏಡಿಬಿಲಗಳನ್ನು ನೋಡಬೇಕು. ಜೋರು ಮಳೆಯ ರಾತ್ರಿ ಕೋಡಿಯ ಬಳಿ ಕಾಯಬೇಕು. ಕಾಲುವೆಯಲ್ಲಿ ಕದ್ದು ಒಡೆದ ಮಡೆಗಳನ್ನು ಮುಚ್ಚಬೇಕು. ಗದ್ದೆಯಿಂದ ಗದ್ದೆಗೆ ನೀರು ತಿರುಗಿಸಬೇಕು. ರೈತ ತನ್ನ ಗದ್ದೆಗೆ ತಾನೇ ನೀರು ಕಟ್ಟಿಕೊಳ್ಳುವಂತಿರಲಿಲ್ಲ, ಅದು ನೀರಗಂಟಿಯ ಕೈಯಿಂದಲೇ ಆಗಬೇಕು ಎಂಬ ಕಟ್ಟಳೆ ಹಲವು ಊರುಗಳಲ್ಲಿತ್ತು.

ಮೈಸೂರು ಸೀಮೆಯ ಗ್ರಾಮಗಳಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ ಮೊದಲಾಗಿ ಹನ್ನೆರಡು ಮಂದಿ ಆಯಗಾರರನ್ನು ಹೇಳುವ ರೂಢಿ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಈ ಹನ್ನೆರಡು ಮಂದಿಯನ್ನು ಪಟ್ಟಿ ಮಾಡುವಾಗ ನೀರಗಂಟಿಯನ್ನೂ ಸೇರಿಸಿದ್ದಾನೆ. ಸುಗ್ಗಿಯ ಹೊತ್ತಿಗೆ ಕಣದಲ್ಲಿ ರಾಶಿಯ ಮುಂದೆ ನಿಂತರೆ ಅವನ ಪಾಲಿನ ಕಾಳು ಸಿಗಬೇಕು. ಕೆಲವು ಕಡೆ ಇನಾಂ ಭೂಮಿಯೂ ಉಂಟು. ಬೆಳೆ ಬಂದರೆ ಅವನಿಗೂ ಕೂಳು, ಬರದಿದ್ದರೆ ಇಲ್ಲ. ಊರಿನ ನಷ್ಟದಲ್ಲಿ ಅವನೂ ಪಾಲುಗಾರ. ತಮಿಳುನಾಡಿನಲ್ಲಿ ಇಂಥವನಿಗೆ ನೀರ್ಕಟ್ಟಿ ಎನ್ನುತ್ತಾರೆ. ತೆಲಂಗಾಣದಲ್ಲಿ ಅವನು ನೀರಡಿ. ದಕ್ಷಿಣದ ಕೆರೆನಾಡುಗಳೆಲ್ಲ ಈ ಹುದ್ದೆಯನ್ನು ಬಲ್ಲವು.

ಕಡಿಮೆ ನೀರಿನ ಧರ್ಮ

ಕೆರೆ ತುಂಬಿದ ವರ್ಷ ನೀರಗಂಟಿಯ ನ್ಯಾಯಕ್ಕೆ ಪರೀಕ್ಷೆ ಇಲ್ಲ. ಅರ್ಧ ಕೆರೆಯ ವರ್ಷದಲ್ಲಿ ಅವನ ಯೋಗ್ಯತೆ ಗೊತ್ತಾಗುತ್ತದೆ. ತೂಬಿನ ಹತ್ತಿರದ ಗದ್ದೆಯವನಿಗೆ ಯಾವಾಗಲೂ ನೀರು ಮೊದಲು ಸಿಗುತ್ತದೆ. ಕಾಲುವೆಯ ಕೊನೆಯವನಿಗೆ ಉಳಿದದ್ದು, ಉಳಿದರೆ. ಹಾಗೆ ಬಿಟ್ಟರೆ ಊರು ಎರಡು ಪಾಲಾಗುತ್ತದೆ.

ಕೋಲಾರ ಮೊದಲಾದ ಕೆರೆ ಜಿಲ್ಲೆಗಳಲ್ಲಿ ಇದಕ್ಕೆ ದಾಮಾಷ ಎಂಬ ಏರ್ಪಾಟಿತ್ತು. ಕೆರೆಯಲ್ಲಿ ನಿಂತ ನೀರನ್ನು ನೋಡಿ, ಇಷ್ಟಕ್ಕೆ ಅಚ್ಚುಕಟ್ಟಿನ ಎಷ್ಟು ಪಾಲು ಬೆಳೆದೀತು ಎಂದು ಊರಿನವರು ಕುಳಿತು ನಿರ್ಧರಿಸುತ್ತಿದ್ದರು. ಮೂರರಲ್ಲಿ ಒಂದು ಪಾಲು ಎಂದು ತೀರ್ಮಾನವಾದರೆ ನೀರು ಚೆನ್ನಾಗಿ ಹಾಯುವ ಅಷ್ಟು ನೆಲವನ್ನು ಮಾತ್ರ ಆ ವರ್ಷಕ್ಕೆ ಆರಿಸಿ, ಅದರಲ್ಲಿ ಎಲ್ಲ ಹಿಡುವಳಿದಾರರಿಗೂ ಅವರವರ ಜಮೀನಿನ ಪ್ರಮಾಣಕ್ಕೆ ತಕ್ಕಂತೆ ತುಂಡು ಹಂಚುತ್ತಿದ್ದರು. ಮೂರು ಎಕರೆಯವನಿಗೆ ಒಂದು ಎಕರೆ, ಒಂದೂವರೆ ಎಕರೆಯವನಿಗೆ ಅರ್ಧ ಎಕರೆ. ಬರ ಬಂದರೆ ಎಲ್ಲರಿಗೂ ಬರ, ಬೆಳೆ ಬಂದರೆ ಎಲ್ಲರಿಗೂ ಅಷ್ಟಷ್ಟು. ತೀರ್ಮಾನ ಊರಿನದು. ಜಾರಿಗೆ ತರುವ ಕೈ ನೀರಗಂಟಿಯದು.

ಆ ಕೈಗೆ ಪಕ್ಷಪಾತದ ನೆಪ ಇರಬಾರದು. ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇಲ್ಲದವನೇ ನೀರಗಂಟಿಯಾಗಿರುವುದು ಒಳ್ಳೆಯದೆಂಬ ಭಾವನೆ ಹಲವೆಡೆ ಇತ್ತು. ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ನೀರಗಂಟಿಗಳಲ್ಲಿ ಬಹುಮಂದಿ ದಲಿತರು. ಅವರಿಗೆ ಗದ್ದೆ ಇಲ್ಲದಿದ್ದುದು ನ್ಯಾಯದ ಅನುಕೂಲಕ್ಕಾಗಿ ಯಾರೋ ಯೋಚಿಸಿ ಮಾಡಿದ್ದಲ್ಲ. ಊರು ಅವರಿಗೆ ನೆಲ ಕೊಟ್ಟಿರಲಿಲ್ಲ, ಅಷ್ಟೇ. ಊರಿನ ಬಾವಿಯ ಹಗ್ಗ ಮುಟ್ಟಲು ಯಾರಿಗೆ ಅವಕಾಶವಿರಲಿಲ್ಲವೋ ಅವರ ಕೈಗೇ ಊರಿನ ಕೆರೆಯ ಬಾಗಿಲನ್ನು ಒಪ್ಪಿಸಿತ್ತು ನಮ್ಮ ಸಮಾಜ. ಹಳೆಯ ಪದ್ಧತಿಯನ್ನು ಹೊಗಳುವಾಗ ಇದನ್ನು ಮರೆಯಬಾರದು. ಆ ನ್ಯಾಯ ನಿಂತದ್ದು ಒಂದು ಅನ್ಯಾಯದ ಮೇಲೆ.

ಹಿಂತಿರುಗದ ಕಾವಲುಗಾರ

ಜನಪದರ ಕಲ್ಪನೆಗೂ ಈ ಸತ್ಯ ಗೊತ್ತಿತ್ತೆಂದು ತೋರುತ್ತದೆ. ವೇದಾವತಿಯ ಮೇಲ್ಭಾಗದಲ್ಲಿ, ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಇದೆ. ಅದರ ಬಗ್ಗೆ ಹೊನ್ನಬಿಲ್ಲನೆಂಬ ಕಾವಲುಗಾರನ ಐತಿಹ್ಯ ಹೇಳುತ್ತಾರೆ. ಕೆರೆ ತುಂಬಿ ಏರಿ ಒಡೆಯುವ ಗಳಿಗೆ ಬಂದಾಗ ಗಂಗೆ ಅವನಿಗೆ ಕಾಣಿಸಿಕೊಂಡಳಂತೆ. ದೊರೆಗೆ ಸುದ್ದಿ ಮುಟ್ಟಿಸಿ ಬರುತ್ತೇನೆ, ನಾನು ಹಿಂತಿರುಗುವ ತನಕ ಹೊರಡಬೇಡ ಎಂದು ಅವನು ಬೇಡಿಕೊಂಡ. ಅವಳು ಮಾತು ಕೊಟ್ಟಳು. ಸುದ್ದಿ ಕೇಳಿದ ದೊರೆ ಯೋಚಿಸಿದ: ಇವನು ಹಿಂತಿರುಗಿದರೆ ತಾನೇ ಗಂಗೆ ಹೊರಡುವುದು? ಅವನನ್ನು ಅಲ್ಲಿಯೇ ಕೊಲ್ಲಿಸಿದ. ಗಂಗೆ ಇಂದಿಗೂ ಕಾಯುತ್ತಿದ್ದಾಳೆ, ಕೆರೆ ನಿಂತಿದೆ.

ಇದೇ ಎಳೆಯ ಕಥೆಯನ್ನು ದಕ್ಷಿಣದ ಬೇರೆ ಕೆರೆಗಳ ಮೇಲೂ ಹೇಳುವುದುಂಟು. ಇತಿಹಾಸವೆಂದು ಓದಬೇಕಾಗಿಲ್ಲ. ಆದರೆ ಅದರಲ್ಲಿರುವ ಲೆಕ್ಕ ಗಮನಾರ್ಹ. ಕಥೆಯಲ್ಲಿ ಮೂವರು ಇದ್ದಾರೆ. ನೀರು ಮಾತಿಗೆ ತಪ್ಪಲಿಲ್ಲ. ಕಾವಲುಗಾರ ಕರ್ತವ್ಯಕ್ಕೆ ತಪ್ಪಲಿಲ್ಲ. ಕೆರೆಯ ಉಳಿವಿಗೆ ಬೆಲೆ ತೆತ್ತವನು ಬಾಗಿಲ ಬಳಿ ನಿಂತಿದ್ದವನು, ಬೆಲೆ ನಿಗದಿ ಮಾಡಿದವನು ಅರಮನೆಯಲ್ಲಿದ್ದವನು.

ಮಾರಿಕಣಿವೆ

ಅದೇ ನದಿ ಕೆಳಗೆ ಬಂದು ಎರಡು ಗುಡ್ಡಗಳ ನಡುವೆ ನುಸುಳುವ ಜಾಗ ಮಾರಿಕಣಿವೆ. ಅಲ್ಲಿ ಮೈಸೂರು ಸಂಸ್ಥಾನ 1898ರಿಂದ 1907ರವರೆಗೆ ಕಲ್ಲಿನ ಅಣೆಕಟ್ಟೆ ಕಟ್ಟಿಸಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಕಟ್ಟೆ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ನೀರು ಹಿಂದಕ್ಕೆ ಹರಡಿಕೊಳ್ಳುವುದು ಹೊಸದುರ್ಗದ ಕಡೆಗೆ. ತುಂಬಿದಾಗಿನ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,800 ಕೋಟಿ ಲೀಟರು.

ನೀರಿನ ಭಾಷೆಯೇ ಇಲ್ಲಿಂದ ಬದಲಾಯಿತು. ಬೆರಳು, ಗೇಣುಗಳ ಜಾಗಕ್ಕೆ ಕ್ಯೂಸೆಕ್ ಬಂತು. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್. ಒಂದು ಹಗಲು ಒಂದು ರಾತ್ರಿ ಅದು ಹಾಗೇ ಹರಿದರೆ ಎರಡು ಎಕರೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಬಿರಡೆಯ ಬದಲು ಕಬ್ಬಿಣದ ಹಲಗೆ, ಗೂಟದ ಬದಲು ತಿರುಪಿನ ಸರಳು, ಮೇಲೊಂದು ಕೈಚಕ್ರ. ಚಕ್ರ ತಿರುಗಿಸಿದರೆ ಹಲಗೆ ಎಳೆ ಎಳೆಯಾಗಿ ಏರುತ್ತದೆ. ಮುಳುಗಬೇಕಿಲ್ಲ, ಕೈ ಒದ್ದೆಯಾಗಬೇಕಿಲ್ಲ. ಇಲಾಖೆಯ ನಾಲೆಗಳ ಮೇಲೆ ಈ ಕೆಲಸ ಮಾಡುವವನನ್ನು ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸೌಡಿ ಎಂದು ಕರೆಯುತ್ತಾರೆ.

ಅನುಕೂಲವಾದದ್ದು ನಿಜ. ಆದರೆ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ನೀರಗಂಟಿ ಊರಿನ ಕಣ್ಣೆದುರು ಇದ್ದ. ಸೌಡಿಗೆ ಆದೇಶ ಮೇಲಿನಿಂದ ಬರುತ್ತದೆ. ಯಾವ ದಿನ ನೀರು, ಎಷ್ಟು ದಿನ ಎಂಬುದನ್ನು ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ಆದೇಶ ಕೊಟ್ಟವರು ಕಾಣುವುದಿಲ್ಲ, ಚಕ್ರ ತಿರುಗಿಸುವವನು ಕಾಣುತ್ತಾನೆ. ನೀರು ಬಾರದ ಕೊನೆಭಾಗದ ರೈತ ಬಂದು ಜಗಳ ತೆಗೆಯುವುದು ಅವನ ಜೊತೆಗೇ. ರಾತ್ರಿ ಗೇಟಿನ ಬೀಗ ಒಡೆಯುವವರನ್ನು ಒಬ್ಬಂಟಿಯಾಗಿ ತಡೆಯಬೇಕಾದವನೂ ಅವನೇ. ನೀರಗಂಟಿಯ ಬೆನ್ನಿಗೆ ಊರಿನ ತೀರ್ಮಾನವಿತ್ತು. ಸೌಡಿಯ ಕೈಯಲ್ಲಿರುವುದು ಒಂದು ಕಾಗದ.

ಇತ್ತ ಸಣ್ಣ ಕೆರೆಗಳ ಕಥೆಯೂ ಬದಲಾಯಿತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಮೈಸೂರು ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಹುಟ್ಟಿನಿಂದ ಬರುವ ದುಡಿಮೆಯನ್ನು ಕೊನೆಗಾಣಿಸಿ, ಇನಾಂ ಭೂಮಿಯನ್ನು ದುಡಿದವರ ಹೆಸರಿಗೇ ಮಂಜೂರು ಮಾಡುವ ಒಳ್ಳೆಯ ಉದ್ದೇಶ ಅದರದು. ಬಿಟ್ಟಿ ಚಾಕರಿಯ ನೊಗ ಇಳಿಯಲೇಬೇಕಿತ್ತು. ಆದರೆ ನೊಗ ಇಳಿಸಿದ ಮೇಲೆ, ಆ ಕೆಲಸವನ್ನು ಸಂಬಳ ಕೊಟ್ಟು, ಗೌರವ ಕೊಟ್ಟು ಮಾಡಿಸುವ ಏರ್ಪಾಟು ಎಲ್ಲೆಡೆ ಆಗಲಿಲ್ಲ. ಚಿಕ್ಕ ಕೆರೆಗಳು ಪಂಚಾಯಿತಿಗಳಿಗೆ, 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೆ ಎಂದು ಹಂಚಿಕೆಯಾಯಿತು. ತೂಬಿಗೆ ಯಜಮಾನ ಸಿಕ್ಕಿದ, ಕಾವಲುಗಾರ ಇಲ್ಲವಾದ. ಕೊಳವೆ ಬಾವಿ ಬಂದ ಮೇಲಂತೂ ಪ್ರತಿಯೊಬ್ಬನ ಹೊಲದಲ್ಲೂ ಅವನದೇ ತೂಬು. ಅಂತರ್ಜಲದ ಕೆರೆಗೆ ದಾಮಾಷ ಇಲ್ಲ. ಆಳಕ್ಕೆ ಕೊರೆದವನೇ ತೂಬಿನ ಹತ್ತಿರದ ಗದ್ದೆಯವನು.

ಗೇಟು ಇರಬೇಕೇ, ಬೇಡವೇ?

ವಾಣಿವಿಲಾಸ ಸಾಗರದ ಕೋಡಿಯನ್ನು ಕಟ್ಟಿದ್ದು ಗೇಟಿಲ್ಲದೆ. ನಾಲೆಗೆ ನೀರು ಬಿಡಲು ತೂಬುಗಳುಂಟು. ಆದರೆ 130 ಅಡಿಗೆ ನೀರು ಬಂದರೆ ಹೆಚ್ಚಿನದು ತಾನೇ ಹೊರಬೀಳುತ್ತದೆ. ಯಾರೂ ಏನೂ ಎತ್ತಬೇಕಿಲ್ಲ. ಎಂಜಿನಿಯರುಗಳ ದೃಷ್ಟಿಯಲ್ಲಿ ಇದು ಬಹಳ ಕ್ಷೇಮದ ಏರ್ಪಾಟು. ನಿದ್ದೆ ಹೋಗುವ ಕಾವಲುಗಾರನಿಲ್ಲ, ತುಂಡಾಗುವ ಸರಪಳಿಯಿಲ್ಲ. 1933ರಲ್ಲಿ ಹಾಗೆ ಕೋಡಿ ಬಿದ್ದ ಮೇಲೆ ಮತ್ತೆ ಬೀಳಲು 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ಹೋದರು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಎತ್ತಿ ಹರಿಸಿದ ನೀರೂ ಈಗ ಈ ಜಲಾಶಯವನ್ನು ತುಂಬಿಸುತ್ತದೆ.

ಒಂದು ಕಡೆಯ ಹಬ್ಬ ಇನ್ನೊಂದು ಕಡೆಯ ಚಿಂತೆ. 2022ರಲ್ಲಿ ಹಿನ್ನೀರು ಹೊಸದುರ್ಗದ ಕಡೆಯ ಹೊಲ ತೋಟಗಳಿಗೆ ನುಗ್ಗಿತು. ಮೂರು ತಲೆಮಾರು ಒಣಗಿದ್ದ ಅಂಚಿನಲ್ಲಿ ಜನ ತೆಂಗು ಅಡಿಕೆ ಬೆಳೆದಿದ್ದರು. ನೀರಿನ ಮಟ್ಟ ತಗ್ಗಿಸಿ ಎಂಬ ಕೂಗು ಅಲ್ಲಿಂದ ಎದ್ದಿತು. ಕೋಡಿಗೆ ಗೇಟು ಕೂರಿಸುವ ಮಾತೂ ಚರ್ಚೆಗೆ ಬಂತು. ಕೆಳಗಿನ ಹಿರಿಯೂರಿನ ಅಚ್ಚುಕಟ್ಟಿನವರಿಗೆ ಒಂದು ಅಡಿ ನೀರು ಕಡಿಮೆಯಾದರೂ ಆತಂಕ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಗೇಟಿಲ್ಲದ ಕೋಡಿ ಯಾರ ಮಾತನ್ನೂ ಕೇಳುವುದಿಲ್ಲ, ಆದ್ದರಿಂದ ಯಾರಿಗೂ ಪಕ್ಷಪಾತಿಯಲ್ಲ. ಗೇಟು ಬಂದ ಕೂಡಲೇ ಪ್ರಶ್ನೆ ಹುಟ್ಟುತ್ತದೆ: ಕೀಲಿ ಯಾರ ಕೈಯಲ್ಲಿ? ಯಾರು ಹೇಳಿದಾಗ ಎತ್ತಬೇಕು?

ಮನುಷ್ಯನಿಲ್ಲದ ಗೇಟಿನ ಕನಸು ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದರು. ನೀರು ನಿಗದಿತ ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳವು. ಅವುಗಳಿಂದ ಆ ಜಲಾಶಯದ ಮಟ್ಟವನ್ನು 8 ಅಡಿ ಹೆಚ್ಚಿಸಲು ಸಾಧ್ಯವಾಯಿತು. ಕೃಷ್ಣರಾಜಸಾಗರಕ್ಕೂ ಅದೇ ತತ್ತ್ವ ಬಂತು. ಆದರೆ ಯಂತ್ರ ಬಲ್ಲದ್ದು ಮಟ್ಟವನ್ನು. ಮೇಲಿನ ತೋಟ, ಕೆಳಗಿನ ಗದ್ದೆ ಎರಡರಲ್ಲಿ ಯಾವುದು ಮೊದಲು ಎಂಬುದು ಮಟ್ಟದ ಪ್ರಶ್ನೆಯಲ್ಲ.

ಯಂತ್ರಕ್ಕೂ ಆರೈಕೆ ಬೇಕು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯವನ್ನು ಅರ್ಧದಷ್ಟು ಬರಿದು ಮಾಡಿದ ಹೊರತು ದುರಸ್ತಿ ಅಸಾಧ್ಯವೆಂಬ ಭಯ ಮೂರು ರಾಜ್ಯಗಳ ರೈತರನ್ನು ಹಿಡಿಯಿತು. ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಲಾಯಿತು. ಬಹಳಷ್ಟು ನೀರು ಹೋಯಿತು, ಬಹಳಷ್ಟು ಉಳಿಯಿತು. ನುಗ್ಗುವ ನೀರಿನ ಬಾಯಿಗೆ ಹಲಗೆ ಇಳಿಸಿದ ಕೆಲಸಗಾರರು ಮಾಡಿದ್ದು, ಹಿಂದೆ ನೀರಗಂಟಿ ಮುಳುಗಿ ಬಿರಡೆ ಕೂರಿಸುತ್ತಿದ್ದನಲ್ಲ, ಅದೇ ಕೆಲಸವನ್ನು, ಬೇರೆ ಅಳತೆಯಲ್ಲಿ.

ನೆರೆಯ ಕೇರಳದಲ್ಲಿ ಬಾಗಿಲಿನ ಇನ್ನೊಂದು ಜಗಳವಿದೆ. ವೇಂಬನಾಡು ಸರೋವರಕ್ಕೆ ಅಡ್ಡಲಾಗಿ ತಣ್ಣೀರ್ಮುಕ್ಕಂನಲ್ಲಿ ಕಟ್ಟಿದ ಒಡ್ಡು 1976ರಿಂದ ಕೆಲಸ ಮಾಡುತ್ತಿದೆ. ಕುಟ್ಟನಾಡಿನ ಬತ್ತಕ್ಕೆ ಉಪ್ಪುನೀರು ತಗುಲದಂತೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಅದರ ಗೇಟುಗಳನ್ನು ಇಳಿಸಿ ಮಾರ್ಚಿಯ ಹೊತ್ತಿಗೆ ಎತ್ತಬೇಕು. ಬತ್ತ ಬೆಳೆಯುವವನಿಗೆ ಗೇಟು ಇನ್ನಷ್ಟು ದಿನ ಇಳಿದಿರಬೇಕು. ಉಪ್ಪುನೀರು ಬಂದರೇ ಮೀನು, ಆದ್ದರಿಂದ ಮೀನುಗಾರನಿಗೆ ಅದು ಬೇಗ ಏಳಬೇಕು. ಅಲ್ಲಿ ದೋಣಿ ದಾಟಲು ಲಾಕ್ ಕೂಡ ಉಂಟು. ದೋಣಿ ದಾಟಿಸುವುದು ಸುಲಭ. ದಿನಾಂಕ ಗೊತ್ತುಮಾಡುವುದು ಕಷ್ಟ.

ಹೆಸರು ಉಳಿದಿದೆ

ನೀರಗಂಟಿ ಎಂಬ ಹೆಸರು ಸತ್ತಿಲ್ಲ. ಹೊಸದುರ್ಗದ ಯಾವ ಗ್ರಾಮ ಪಂಚಾಯಿತಿಗೆ ಹೋದರೂ ಬಿಲ್ ಕಲೆಕ್ಟರ್, ಜವಾನರ ಜೊತೆಗೆ ನೀರುಗಂಟಿ ಇದ್ದಾನೆ. ಅವನ ಬಳಿ ತೂಬಿಲ್ಲ. ಕೊಳವೆ ಬಾವಿಯ ಸ್ಟಾರ್ಟರ್ ಪೆಟ್ಟಿಗೆ ಇದೆ, ನೀರಿನ ಟ್ಯಾಂಕ್ ಇದೆ, ಬೀದಿ ಬೀದಿಗೆ ವಾಲ್ವ್ ಇದೆ. ಕರೆಂಟು ಬರುವ ಹೊತ್ತಿಗೆ, ಅದು ನಡುರಾತ್ರಿಯಾದರೂ, ಎದ್ದು ಮೋಟಾರು ಹಾಕಬೇಕು. ಒಂದು ಬೀದಿಗೆ ಅರ್ಧ ಗಂಟೆ, ಇನ್ನೊಂದಕ್ಕೆ ಅರ್ಧ ಗಂಟೆ ಎಂದು ವಾಲ್ವ್ ತಿರುಗಿಸಬೇಕು. ಮೇಲುಗೇರಿಗೆ ಹೆಚ್ಚು ಬಿಟ್ಟ, ಹಟ್ಟಿಗೆ ಕಡಿಮೆ ಬಿಟ್ಟ ಎಂಬ ದೂರು ಬಾರದಂತೆ ನೋಡಿಕೊಳ್ಳಬೇಕು. ಹಳೆಯ ನೀರಗಂಟಿಯ ಅದೇ ಸರದಿ, ಅದೇ ಕೊನೆಮನೆಯ ಚಿಂತೆ. ಕಣದ ರಾಶಿಯ ಬದಲು ಈಗ ಪಂಚಾಯಿತಿಯ ಸಂಬಳ. ಅದು ತಿಂಗಳು ತಿಂಗಳು ಸರಿಯಾಗಿ ಕೈಸೇರಲಿ ಎಂದು ರಾಜ್ಯದ ನೀರುಗಂಟಿಗಳು ಇತರ ಪಂಚಾಯಿತಿ ನೌಕರರೊಂದಿಗೆ ಮತ್ತೆ ಮತ್ತೆ ಧರಣಿ ಕೂತದ್ದನ್ನು ಪತ್ರಿಕೆಯ ಓದುಗರು ಬಲ್ಲರು.

ಅಣೆಕಟ್ಟೆಯ ಮುಂದೆ ಕಟ್ಟಿಸಿದವರ ಹೆಸರಿನ ಕಲ್ಲಿರುತ್ತದೆ. ಬಾಗಿನದ ದಿನ ಮಂತ್ರಿಗಳ ಚಿತ್ರ ಬರುತ್ತದೆ. ಇವುಗಳ ನಡುವೆ ಬಾಗಿಲು ಕಾಯುವವನಿಗೆ ಬೇಕಾದದ್ದು ಮೂರೇ: ಅವನಿಗೆ ಕೊಡುವ ಆದೇಶ ಎಲ್ಲರೂ ಕುಳಿತು ಮಾಡಿದ ತೀರ್ಮಾನವಾಗಿರಬೇಕು, ಅದನ್ನು ಜಾರಿ ಮಾಡುವಾಗ ಅವನು ಒಂಟಿಯಾಗಬಾರದು, ತಿಂಗಳ ಕೊನೆಗೆ ಅವನ ಮನೆಯ ಒಲೆ ಉರಿಯಬೇಕು. ಮೊದಲಿನೆರಡನ್ನು ಹಳೆಯ ಊರು ತಕ್ಕಮಟ್ಟಿಗೆ ಕೊಟ್ಟಿತ್ತು, ಮಾನವನ್ನು ಮಾತ್ರ ಕೊಟ್ಟಿರಲಿಲ್ಲ. ನಮ್ಮ ಕಾಲ ಕಾನೂನಿನಲ್ಲಿ ಅವನಿಗೆ ಮಾನ ಕೊಟ್ಟಿತು, ಉಳಿದದ್ದನ್ನು ಇನ್ನೂ ಕೊಡಬೇಕಾಗಿದೆ. ನಾಳೆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಅದು ತಾನಾಗಿ ಬಂದದ್ದಲ್ಲ, ಎಲ್ಲೋ ಒಬ್ಬರು ಎದ್ದು ತಿರುಗಿಸಿದ್ದರಿಂದ ಬಂತು ಎಂಬಷ್ಟು ನೆನಪಿದ್ದರೆ, ಅಲ್ಲಿಂದ ಆರಂಭಿಸಬಹುದು.